ಮೊದಲನೇ ಬೇಡ ಲೆಕ್ಕಕ್ಕಿಲ್ಲ

ಹೊರಡುವ ಮೊದಲು, ದುದ್ದ

ಹಾಲೆಂಡಿನಲ್ಲಿ ನಾನು ಮೂರು ದಿನ ಹೊಟ್ಟೆ ತುಂಬ ಉಣ್ಣಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಅಲ್ಲಿ ಊಟಕ್ಕೇನೂ ಬರವಿರಲಿಲ್ಲ. ಬಡಿಸಲು ಬಂದವರಿಗೆಲ್ಲ ನಾನೇ ಬೇಡ ಬೇಡ ಎನ್ನುತ್ತಿದ್ದೆ. ಆ ಪುಣ್ಯಾತ್ಮರು ಅದನ್ನು ನಂಬಿಬಿಡುತ್ತಿದ್ದರು!

ನನ್ನ ಹೆಸರು ಜಯಲಕ್ಷ್ಮಿ. ಕೊಣನೂರಿನ ಹತ್ತಿರ ಮನೆ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಅಂತ ಸುತ್ತಿ ಸುತ್ತಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಮಕ್ಕಳು ಬೆನ್ನ ಹಿಂದೆ ನನ್ನನ್ನು ಮೈಕ್ ಮೇಡಂ ಅನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಮಾತಾಡಲು ಜನ ಬೇಕಲ್ಲ, ನಮ್ಮೂರಿನ ಹೆಂಗಸರ ಸಂಘಕ್ಕೆ ಕಾರ್ಯದರ್ಶಿಯಾದೆ.

ನಮ್ಮ ಕಡೆ ಆಲೂಗಡ್ಡೆ ಬೆಳೆಯುವವರಿಗೆ ಅಂಗಮಾರಿ ರೋಗ ಅಂದರೆ ಎದೆ ನಡುಗುತ್ತದೆ. ಇವತ್ತು ಹಸಿರಾಗಿದ್ದ ಹೊಲ ನಾಲ್ಕು ದಿನದಲ್ಲಿ ಸುಟ್ಟ ಹಾಗೆ ಕಪ್ಪಾಗುತ್ತದೆ. ಬಿತ್ತನೆ ಗಡ್ಡೆಯೇ ಕೆಟ್ಟಿದ್ದರೆ ಕತೆ ಮುಗಿಯಿತು. ಅದಕ್ಕೆ ನಾವು ಹೆಂಗಸರು ರೋಗವಿಲ್ಲದ ಸಸಿಗಳನ್ನು ಬಲೆ ಹೊದಿಸಿದ ಮನೆಯೊಳಗೆ ಬೆಳೆಸಿ ರೈತರಿಗೆ ಕೊಡುತ್ತೇವೆ. ಊರಲ್ಲಿ ಅದಕ್ಕೆ ನೆಟ್ಟೌಸು ಅಂತಲೇ ಹೆಸರು. ಕೊಣನೂರಿನ ನೆಟ್ಟೌಸು ಕಟ್ಟಿಸಿಕೊಟ್ಟವರು ಹಾಲೆಂಡಿನ ಒಂದು ಸಣ್ಣ ಊರಿನ ಜನ. ಅವರೂ ಆಲೂಗಡ್ಡೆ ಬೆಳೆಯುವವರೇ.

ಎರಡನೇ ನೆಟ್ಟೌಸು ದುದ್ದದಲ್ಲಿ ಆಗಬೇಕಿತ್ತು, ನನ್ನ ಅಣ್ಣನ ಹೆಂಡತಿ ಕೆಂಪಮ್ಮನ ಜಮೀನಿನಲ್ಲಿ. ಅತ್ತಿಗೆಯ ಸ್ವಭಾವ ನಿಮಗೆ ಗೊತ್ತಿಲ್ಲ. ಹಾಲೆಂಡಿನವರು ಇನ್ನೂ ಹೂಂ ಅನ್ನುವ ಮೊದಲೇ ಫಲ ಬಿಡುತ್ತಿದ್ದ ಆರು ತೆಂಗಿನ ಮರ ಕಡಿಸಿ, ಜಾಗ ಮಟ್ಟ ಮಾಡಿಸಿ, ಪೂಜೆಯನ್ನೂ ಮುಗಿಸಿ ಕೂತಿದ್ದರು. ಹದಿನಾಲ್ಕು ಹೆಂಗಸರು ಕೊಣನೂರಿಗೆ ಬಸ್ಸಿನಲ್ಲಿ ಬಂದು ಕೆಲಸ ಕಲಿತೂ ಆಗಿತ್ತು.

ಅಷ್ಟರಲ್ಲಿ ಕಾಗದ ಬಂತು. ಊರಿನ ಜನ ವರ್ಷವಿಡೀ ಸೇರಿಸುವ ದೇಣಿಗೆ ಈ ಸಲ ಒಂದು ಕೆಲಸಕ್ಕೆ ಮಾತ್ರ ಸಾಲುತ್ತದೆ. ಒಂದೋ ದುದ್ದದ ನೆಟ್ಟೌಸು, ಇಲ್ಲವೇ ಅವರದೇ ಊರಿನ ಈಜುಕೊಳದ ಚಾವಣಿ. ಪರದೇಶಕ್ಕೆ ಯಾಕೆ ಕೊಡಬೇಕು ಎಂದು ಇಲ್ಲಿ ಬಹಳ ಜನ ಕೇಳುತ್ತಿದ್ದಾರೆ. ಸಭೆ ಸೇರಿಸಿ ಕೈ ಎತ್ತಿಸುತ್ತೇವೆ. ನೀವೇ ಬಂದು ನಿಮಗೆ ಬೇಕು ಎಂದು ಹೇಳಿ, ಅಂತ ಬರೆದಿದ್ದರು. ಟಿಕೆಟ್ಟನ್ನೂ ಅವರೇ ಕಳಿಸಿದ್ದರು.

"ಮಾತಾಡಕ್ಕೆ ಕರ್ದವ್ರೆ ಅಂದ್ರೆ ಸರ್ಯಾದೋರ್ನೇ ಇಡ್ದವ್ರೆ ಬುಡು" ಎಂದರು ನಮ್ಮ ಯಜಮಾನರು ರಾಜಣ್ಣ.

"ನಾನೂ ಬತ್ತೀನಿ" ಎಂದರು ಅತ್ತಿಗೆ. "ಮರ ಕಡ್ಸಿರೋಳು ನಾನು. ಬರೀ ಬಾಯಿ ಓದ್ರೆ ಸಾಕಾ?"

ವಿಮಾನ ನಿಲ್ದಾಣ

ಹಾಲೆಂಡಿನಲ್ಲಿ ಇಳಿದ ಕೂಡಲೇ ಸಿಕ್ಕಿಹಾಕಿಕೊಂಡೆವು. ಅತ್ತಿಗೆಯ ಚೀಲವನ್ನು ಪರೀಕ್ಷೆ ಮಾಡಿದ ಎತ್ತರದ ಅಧಿಕಾರಿ ಒಳಗೆ ಕೈ ಹಾಕಿ, ಸೀರೆಯಲ್ಲಿ ಸುತ್ತಿಟ್ಟಿದ್ದ ಒಂದು ಗಂಟನ್ನು ತೆಗೆದ. ಬಿಚ್ಚಿದರೆ ಆಲೂಗಡ್ಡೆ! ಒಂದೇ ಒಂದು. ಮುಷ್ಟಿ ಗಾತ್ರದ್ದು, ತೊಳೆದು ಅರಿಶಿನ ಕುಂಕುಮ ಹಚ್ಚಿದ್ದು.

"ಅತ್ತಿಗೆ, ಇದನ್ನ ಯಾಕೆ ತಂದ್ರಿ?"

"ತೋರ್ಸಬ್ಯಾಡ್ವಾ? ಅವ್ರು ಕಟ್ಸಿದ್ ನೆಟ್ಟೌಸಿನ್ ಸಸಿಲಿ ಬೆಳ್ದಿದ್ದು. ಬರೀ ಕೈಲಿ ಓಗಕ್ಕಾಯ್ತದಾ?"

ಹೊರಗಿನ ಆಲೂಗಡ್ಡೆ ಈ ದೇಶದೊಳಗೆ ಬರುವಂತಿಲ್ಲ, ಮಣ್ಣಿನ ರೋಗ ಬರುತ್ತದೆ ಎಂದು ಅಧಿಕಾರಿ ಬಹಳ ಮರ್ಯಾದೆಯಿಂದ ಹೇಳಿದ. ನಾನು ನಾಚಿಕೆಯಿಂದ ನೀರಾದೆ. ರೋಗವಿಲ್ಲದ ಆಲೂಗಡ್ಡೆ ಬೆಳೆಯುತ್ತೇವೆ ಎಂದು ಭಾಷಣ ಮಾಡಲು ಬಂದವರು ನಾವು! ಅವನು ಅದನ್ನು ಕಸದ ಡಬ್ಬಿಯ ಕಡೆ ಒಯ್ಯುತ್ತಿದ್ದಂತೆ ಅತ್ತಿಗೆ ಅವನ ತೋಳು ಹಿಡಿದುಕೊಂಡರು.

"ಎಸೀಬ್ಯಾಡ ಕಣಪ್ಪಾ. ಬೇಯಿಸ್ಕಂಡಾದ್ರೂ ತಿನ್ನು. ಒಳ್ಳೇ ಗಡ್ಡೆ ಅದು."

ಅವನಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಆದರೆ ಕಸದ ಡಬ್ಬಿಯ ಮುಂದೆ ಅರೆಗಳಿಗೆ ನಿಂತ. ಆಮೇಲೆ ಹಾಕಿದ. ಅತ್ತಿಗೆ ಅಲ್ಲಿಂದ ಮನೆ ಮುಟ್ಟುವವರೆಗೂ ಆ ಹುಡುಗನ ತಾಯಿ ಅವನಿಗೆ ಏನು ಕಲಿಸಿದಳೋ ಎಂದು ಗೊಣಗಿದರು.

ಮೊದಲ ದಿನ, ಒಂದು ಬಿಸ್ಕತ್ತು

ನಮ್ಮನ್ನು ಮನೆಯಲ್ಲಿ ಇಟ್ಟುಕೊಂಡವರು ಗಂಡ ಹೆಂಡತಿ, ಇಬ್ಬರೂ ನನ್ನ ವಾರಿಗೆಯವರು, ಇಂಗ್ಲಿಷ್ ಬಲ್ಲವರು. ಹೆಂಡತಿ ಮಾರೈಕೆ, ನಮ್ಮ ನೆಟ್ಟೌಸಿನ ಪರವಾಗಿ ಆ ಊರಲ್ಲಿ ಓಡಾಡುವವಳು. ಗಂಡ ಹೆಂಕ್, ಬೆನ್ನು ನೆಟ್ಟಗಿನ ಬೋಳುತಲೆಯ ಮನುಷ್ಯ. ಅತ್ತಿಗೆ ಅರ್ಧ ಗಂಟೆಯೊಳಗೆ ಅವರಿಬ್ಬರಿಗೂ ಮಾರಕ್ಕ, ಎಂಕಣ್ಣ ಅಂತ ನಾಮಕರಣ ಮಾಡಿದರು. ಅವರು ಎರಡಕ್ಕೂ ಓಗೊಟ್ಟರು.

ಆ ಮನೆಯ ಮಹಡಿ ಮೆಟ್ಟಿಲಿನ ಬಗ್ಗೆ ಹೇಳಲೇಬೇಕು. ಅದು ಮೆಟ್ಟಿಲಲ್ಲ, ಅಟ್ಟಕ್ಕಿಟ್ಟ ಏಣಿ. ಅತ್ತಿಗೆ ಹತ್ತುವಾಗ ಸೀರೆ ಎತ್ತಿ ಕಟ್ಟಿ, ಇಳಿಯುವಾಗ ಹಿಮ್ಮುಖವಾಗಿ ಇಳಿದು, ಪ್ರತಿ ಸಲವೂ ಕೆಳಗಿನ ಮೆಟ್ಟಿಲಿಗೆ ಕೈ ಮುಗಿಯುತ್ತಿದ್ದರು. ಇನ್ನು ಬೀದಿಯ ಕಡೆ ಆಳೆತ್ತರದ ಗಾಜಿನ ಕಿಟಕಿ, ಪರದೆಯೇ ಇಲ್ಲ. ಯಾರ ಮನೆಯಲ್ಲಿ ಯಾರು ಕೂತು ಏನು ಮಾಡುತ್ತಿದ್ದಾರೆ ಎಲ್ಲ ಕಾಣುತ್ತದೆ. ಆದರೆ ಯಾರೂ ನೋಡುವುದಿಲ್ಲ! ನಾನೂ ಅತ್ತಿಗೆಯೂ ಅಲ್ಲಿದ್ದಷ್ಟು ದಿನ ಅವರೆಲ್ಲರ ಪಾಲಿನದನ್ನೂ ನೋಡಿದೆವು.

ಸಂಜೆ ಮಾರೈಕೆ ಕಾಫಿ ಕೊಟ್ಟು ಬಿಸ್ಕತ್ತಿನ ತಗಡಿನ ಡಬ್ಬಿ ತೆರೆದಳು. ನಾನು ಒಂದು ತೆಗೆದುಕೊಂಡೆ. ಅತ್ತಿಗೆ ಒಂದು ತೆಗೆದುಕೊಂಡರು. ಟಪ್ ಎಂದು ಮುಚ್ಚಳ ಮುಚ್ಚಿತು. ಡಬ್ಬಿ ಬೀರುವಿನೊಳಕ್ಕೆ ಹೋಯಿತು.

ಅತ್ತಿಗೆ ನನ್ನ ಮುಖ ನೋಡಿದರು. "ಅಷ್ಟೇನಾ?"

ಅಷ್ಟೇ. ಅಲ್ಲಿ ಎಲ್ಲರ ಮನೆಯಲ್ಲೂ ಕಾಫಿಗೆ ಒಂದು ಬಿಸ್ಕತ್ತು. ಅದು ಜಿಪುಣತನವಲ್ಲ, ಪದ್ಧತಿ. ಆಮೇಲೆ ಆರು ಗಂಟೆ ಹೊಡೆಯುತ್ತಿದ್ದಂತೆ ರಾತ್ರಿಯೂಟ. ಬೇಯಿಸಿದ ಆಲೂಗಡ್ಡೆ, ಹುರುಳಿಕಾಯಿ, ಮೇಲೊಂದು ಸಾರಿನಂಥದು. ನನ್ನ ತಟ್ಟೆಗೆ ಎರಡು ಗಡ್ಡೆ ಬಿತ್ತು. ಹಸಿವು ಹೊಟ್ಟೆಯಲ್ಲಿ ಕುಣಿಯುತ್ತಿತ್ತು. ಮಾರೈಕೆ ಪಾತ್ರೆ ಹಿಡಿದು ಇನ್ನೂ ಬೇಕಾ ಎಂದು ಕೇಳಿದಳು.

"ಅಯ್ಯೋ ಬೇಡ ಬೇಡ" ಎಂದೆ.

"ಸರಿ" ಎಂದು ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದಳು.

ನೀವೇ ಹೇಳಿ, ನಮ್ಮಲ್ಲಿ ಯಾರಾದರೂ ಹೀಗೆ ಮಾಡುತ್ತಾರಾ? ದುದ್ದದಲ್ಲಿ, ಕಟ್ಟಾಯದಲ್ಲಿ, ಹಾಸನದ ಯಾವುದೇ ಛತ್ರದಲ್ಲಿ ಮೊದಲನೇ ಬೇಡ ಲೆಕ್ಕಕ್ಕೇ ಇಲ್ಲ. ಅದು ಬರೀ ಮರ್ಯಾದೆ. ಎರಡನೇ ಬೇಡ ಎನ್ನುವಾಗ ಬಡಿಸುವವರು ಸೌಟು ಬಗ್ಗಿಸಿರಬೇಕು. ಮೂರನೇ ಬೇಡದ ಹೊತ್ತಿಗೆ ಎಲೆಗೆ ಬಿದ್ದೇ ಇರಬೇಕು. ನಿಜವಾಗಿ ಬೇಡದವರು ಬಾಯಲ್ಲಿ ಹೇಳುವುದೇ ಇಲ್ಲ, ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಗ್ಗಿಬಿಡುತ್ತಾರೆ. ಇಷ್ಟು ಗೊತ್ತಿಲ್ಲದ ದೇಶವೂ ಉಂಟೇ?

ಅತ್ತಿಗೆ ಮಾತ್ರ ಗೆದ್ದರು. ಭಾಷೆ ಬಾರದ್ದರಿಂದ ಬೇಡ ಎನ್ನುವ ತಾಪತ್ರಯವೇ ಅವರಿಗಿರಲಿಲ್ಲ, ತಟ್ಟೆ ಮುಂದೆ ಚಾಚಿ ನಗುತ್ತಿದ್ದರು. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಊರಿಂದ ತಂದಿದ್ದ ನಿಪ್ಪಟ್ಟು ತಿಂದೆ. ಸದ್ದಾಗದ ಹಾಗೆ ನಿಪ್ಪಟ್ಟು ತಿನ್ನುವುದು ಎಂಥ ಕಷ್ಟ ಎಂದು ಆವತ್ತು ತಿಳಿಯಿತು.

ಎರಡನೇ ದಿನ, ಈಜುಕೊಳ

ಬೆಳಿಗ್ಗೆ ಬ್ರೆಡ್ಡಿನ ಮೇಲೆ ಬೆಣ್ಣೆ ಸವರಿ, ಅದರ ಮೇಲೆ ಜೀರಿಗೆ ಮಿಠಾಯಿಯಂಥ ಚಾಕಲೇಟ್ ಕಾಳು ಉದುರಿಸಿಕೊಂಡು ಹೆಂಕ್ ತಿನ್ನುತ್ತಿದ್ದ. ಅರವತ್ತು ದಾಟಿದ ಮನುಷ್ಯ! ತಿಂದು ಮುಗಿಸಿ ಬಾಯಿ ಒರೆಸಿಕೊಂಡು ನನ್ನನ್ನೇ ನೇರವಾಗಿ ನೋಡಿ ಹೇಳಿದ: "ನಾನು ನಿಮ್ಮ ವಿರುದ್ಧ ಕೈ ಎತ್ತುವವನು. ಮೊದಲೇ ಹೇಳಿಬಿಡುವುದು ಒಳ್ಳೆಯದು."

ನನ್ನ ಕೈಯ ಬ್ರೆಡ್ಡು ಕೈಯಲ್ಲೇ ಉಳಿಯಿತು. ನಮ್ಮಲ್ಲಿ ಎದುರಾಳಿಯ ಮನೆಯವನೂ ಬಂದ ನೆಂಟರಿಗೆ ನಿಮ್ಮದೇ ಗೆಲುವು ಬಿಡಿ ಎನ್ನುತ್ತಾನೆ. ಇಲ್ಲಿ ಇರಲು ಕೋಣೆ ಕೊಟ್ಟು, ಹೊದೆಯಲು ರಗ್ಗು ಕೊಟ್ಟು, ತಿಂಡಿಯ ಮುಂದೆ ವಿರುದ್ಧ ಅನ್ನುತ್ತಾನಲ್ಲ!

"ನಿಮ್ಮ ದೇಶ ಚಂದ್ರನ ಮೇಲೆ ಇಳಿಯಿತು. ನಮ್ಮ ಊರಿನ ಈಜುಕೊಳದ ಚಾವಣಿ ಸೋರುತ್ತಿದೆ. ಯಾರು ಯಾರಿಗೆ ಕೊಡಬೇಕು?" ಎಂದು ಕೇಳಿದ.

ನಾನು ಅನುವಾದ ಮಾಡಿ ಹೇಳಿದೆ. ಅತ್ತಿಗೆ ಕಾಫಿ ಲೋಟ ಕೆಳಗಿಟ್ಟರು. "ಚಂದ್ರಂಗೆ ಓದೋರು ನಮ್ಮುನ್ನ ಕೇಳ್ಕಂಡ್ ಓದ್ರಾ? ಅವ್ರು ಬ್ಯಾರೆ, ಆಲೂಗಡ್ಡೆ ಆಕೋರು ಬ್ಯಾರೆ ಅಂತ ಏಳು ಎಂಕಣ್ಣಂಗೆ."

ಹೇಳಿದೆ. ಹೆಂಕ್ ಗೊಳ್ಳೆಂದು ನಕ್ಕ. ನಗು ನಿಂತ ಮೇಲೆ ಎದ್ದು, ಬನ್ನಿ ತೋರಿಸುತ್ತೇನೆ ಎಂದು ನಮ್ಮನ್ನು ಈಜುಕೊಳಕ್ಕೆ ಕರೆದುಕೊಂಡು ಹೋದ. ಬೀಗ ಹಾಕಿದ್ದ ಕಟ್ಟಡ, ಬೀಗದ ಕೈ ಅವನ ಹತ್ತಿರವೇ ಇತ್ತು. ಕೊಳ ಒಣಗಿತ್ತು, ನೀಲಿ ಹಾಸಿನ ಮೇಲೆ ಚಾವಣಿಯಿಂದ ಬಿದ್ದ ಗಾರೆ ಚೂರು. ಆ ಊರಿನ ಮಕ್ಕಳಿಗೆ ಮೂವತ್ತು ವರ್ಷ ಅಲ್ಲಿ ಈಜು ಕಲಿಸಿದವನು ಅವನೇ. ಊರಿನ ಪ್ರತಿ ಬೀದಿಗೂ ಒಂದು ಕಾಲುವೆ, ಮನೆ ಬಾಗಿಲಿಗೇ ನೀರು. ಈಜು ಬಾರದ ಮಗು ಸೈಕಲ್ಲಿನಿಂದ ಜಾರಿದರೆ ಏನಾಗುತ್ತದೆ ಎಂದು ಕೇಳಿದ. ಈಗ ಅಲ್ಲಿನ ಮಕ್ಕಳು ಈಜು ಕಲಿಯಲು ಬೇರೆ ಊರಿಗೆ ಹೋಗಿ ಸರದಿ ಕಾಯುತ್ತಾರಂತೆ.

ನನಗೆ ಕೋಪವೆಲ್ಲ ಇಳಿಯಿತು. ಅದರ ಜಾಗಕ್ಕೆ ನಾಚಿಕೆ ಬಂತು, ಯಾಕೆಂದರೆ ಹೊಳೆನರಸೀಪುರದ ಒಂದು ಹೋಟೆಲು ನೆನಪಾಯಿತು. ಅಲ್ಲಿ ದೋಸೆ ತಿನ್ನುತ್ತಿದ್ದಾಗ ಟೀವಿಯಲ್ಲಿ ನಮ್ಮ ಸರ್ಕಾರ ಭೂಕಂಪವಾದ ಯಾವುದೋ ದೇಶಕ್ಕೆ ಅಕ್ಕಿ, ಕಂಬಳಿ ಕಳಿಸುವುದನ್ನು ತೋರಿಸಿದ್ದರು. ನಮ್ಮ ಯಜಮಾನರು, "ನಮ್ಮೂರ್ ರೋಡೇ ಸರಿ ಮಾಡಕ್ ಆಗಿಲ್ಲ, ಕಂಡೋರ್ ದೇಸಕ್ಕೆ ಕಂಬ್ಳಿ ಅಂಚಕ್ ಓಯ್ತಾವ್ರೆ" ಎಂದರು. ಇಡೀ ಹೋಟೆಲು ತಲೆಯಾಡಿಸಿತು. ನಾನೂ ಆಡಿಸಿದ್ದೆ, ಚಟ್ನಿ ಇನ್ನೊಂದು ಸಲ ಹಾಕಿಸಿಕೊಳ್ಳುತ್ತಾ.

ಮೂರನೇ ದಿನ, ಹುಟ್ಟುಹಬ್ಬ

ಪಕ್ಕದ ಮನೆಯ ಅಜ್ಜಿಗೆ ಎಂಬತ್ತು ತುಂಬಿತ್ತು. ನಮ್ಮನ್ನೂ ಕರೆದರು. ಅಲ್ಲಿನ ಹುಟ್ಟುಹಬ್ಬ ಅಂದರೆ ಕುರ್ಚಿಗಳನ್ನು ದುಂಡಗೆ ಹಾಕಿ ಎಲ್ಲರೂ ಎದುರು ಬದುರು ಕೂರುವುದು. ಬಂದವರು ಅಜ್ಜಿಗೆ ಮಾತ್ರವಲ್ಲ, ಕೂತ ಪ್ರತಿಯೊಬ್ಬರಿಗೂ ಕೈ ಕುಲುಕಿ ಅಭಿನಂದನೆ ಹೇಳಬೇಕು! ಅತ್ತಿಗೆಗೆ ಇಪ್ಪತ್ತು ಜನ ಅಭಿನಂದನೆ ಹೇಳಿದರು. "ನಾನೇನ್ ಮಾಡ್ದೆ ಅಂತ ಜಯಾ?" ಎಂದು ಕೇಳುತ್ತಲೇ ಅವರು ಖುಷಿಯಿಂದ ಎಲ್ಲರ ಕೈಯನ್ನೂ ಹಿಡಿದು ಅಲ್ಲಾಡಿಸಿದರು.

ಒಬ್ಬೊಬ್ಬರಿಗೆ ಒಂದು ತುಂಡು ಕೇಕು. ಇನ್ನೊಂದು ತುಂಡು ಬೇಕಾ ಎಂದು ಅಜ್ಜಿಯೇ ಕೇಳಿದರು. ಬೇಕು ಎನ್ನಬೇಕೆಂದು ಬೆಳಿಗ್ಗೆಯಿಂದ ನಿರ್ಧಾರ ಮಾಡಿಕೊಂಡು ಬಂದಿದ್ದೆ. ಬಾಯಿ ತೆರೆದೆ. "ಬೇಡಮ್ಮಾ, ಸಾಕು" ಎಂದು ಬಂತು. ಕೇಕು ನನ್ನ ಕಣ್ಣೆದುರೇ ಪಕ್ಕದವನ ತಟ್ಟೆಗೆ ಹೋಯಿತು.

ನಾವು ಯಾಕೆ ಬಂದಿದ್ದೇವೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಸುತ್ತಿ ಬಳಸಿ ಮಾತಾಡಲಿಲ್ಲ. ಬೇಕರಿಯವನು, ಕೊಟ್ಟಿದ್ದು ಯಾರ ಜೇಬಿಗೆ ಹೋಗುತ್ತದೋ ಯಾರು ಕಂಡರು ಎಂದ. ಒಬ್ಬ ನರ್ಸು, ನಾವು ಹುಟ್ಟುವ ಮುಂಚೆ, ಮಹಾಯುದ್ಧದ ಹೊತ್ತಿನಲ್ಲಿ, ನಮ್ಮ ದೇಶಕ್ಕೂ ಯಾರೋ ಬಟ್ಟೆ ಬ್ರೆಡ್ಡು ಕಳಿಸಿದ್ದರು, ಅದನ್ನು ಮರೆತರೆ ಹೇಗೆ ಎಂದಳು. ಕಾಲೇಜು ಮೇಷ್ಟರೊಬ್ಬರು, ಕೊಡುವುದು ಸರಿ, ಆದರೆ ಕೊಟ್ಟು ಕೊಟ್ಟು ಅವರನ್ನು ಕೈ ಚಾಚುವವರನ್ನಾಗಿ ಮಾಡಬಾರದು ಎಂದರು. ಹುಟ್ಟುಹಬ್ಬದ ಅಜ್ಜಿ ಮಾತ್ರ, ನಾನು ಇನ್ನೆಷ್ಟು ದಿನ ಈಜುತ್ತೇನೆ, ನನ್ನ ಕೈ ನಿಮಗೆ ಎಂದರು.

ಮೇಷ್ಟರ ಮಾತು ನನಗೆ ಮುಳ್ಳಿನ ಹಾಗೆ ಚುಚ್ಚಿತು. ಕೈ ಚಾಚುವುದಂತೆ! ನಾನು ಮೂರು ದಿನದಿಂದ ಒಂದು ಆಲೂಗಡ್ಡೆಗೂ ಕೈ ಚಾಚದವಳು.

ನಾಲ್ಕನೇ ದಿನ, ಸಭೆ

ಊರಿನ ಹಳೇ ಶಾಲೆಯ ಹಾಲಿನಲ್ಲಿ ಸಭೆ. ಸಂಜೆ ಏಳೂವರೆ ಅಂದರೆ ಏಳೂವರೆಗೇ ಶುರು. ಇನ್ನೂರು ಜನ ಇದ್ದಿರಬಹುದು. ನಾನು ಇಂಗ್ಲಿಷಿನಲ್ಲಿ ಮಾತಾಡಿದೆ, ಮಾರೈಕೆ ಅವರ ಭಾಷೆಗೆ ತಿರುಗಿಸಿದಳು. ಅಂಗಮಾರಿ, ಸಸಿ, ಕೊಣನೂರಿನ ಹೆಂಗಸರು, ದುದ್ದದ ಹದಿನಾಲ್ಕು ಜನ ಎಲ್ಲ ಹೇಳಿದೆ. ಒಂದೂ ತಪ್ಪಲಿಲ್ಲ. ಮೈಕ್ ಮೇಡಂ ಅಲ್ಲವೇ! ಜನ ಚೆನ್ನಾಗಿ ಕೇಳಿದರು. ಅತ್ತಿಗೆ ಮುಂದಿನ ಸಾಲಿನಲ್ಲಿ ಮದುವೆಗೆ ಉಡುವ ರೇಷ್ಮೆ ಸೀರೆಯಲ್ಲಿ ಕೂತು ಪ್ರತಿ ವಾಕ್ಯಕ್ಕೂ ತಲೆಯಾಡಿಸಿದರು.

ಕೊನೆಗೆ ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ಕೇಳಿದಳು: "ಒಂದು ನೆಟ್ಟೌಸು ಆಗಲೇ ಕೊಟ್ಟಿದ್ದೇವೆ. ನಿಮಗೆ ಇನ್ನೂ ನಮ್ಮ ಸಹಾಯ ಬೇಕೇ?"

ಈ ಒಂದು ಪ್ರಶ್ನೆಗೆ ಒಂದು ಉತ್ತರ ಹೇಳಲು ಏಳು ಸಮುದ್ರ ದಾಟಿ ಬಂದಿದ್ದೆ. ಇನ್ನೂರು ಜನ ನನ್ನನ್ನೇ ನೋಡುತ್ತಿದ್ದರು. ನಾನು ನಕ್ಕೆ. ಕೈ ಮುಗಿದೆ. "ಅಯ್ಯೋ ಬೇಡ ಬೇಡ, ನೀವು ಆಗಲೇ ಎಷ್ಟೋ ಮಾಡಿದ್ದೀರಿ, ಅಷ್ಟೇ ಸಾಕು" ಎಂದುಬಿಟ್ಟೆ!

ಮೂರು ದಿನ ಉಪವಾಸ ಬಿದ್ದು ಕಲಿತ ಪಾಠ ಎಲ್ಲಿ ಹೋಯಿತೋ. ಪಾಠ ಮೂರು ದಿನದ್ದು, ನಾಲಿಗೆ ಅರವತ್ತು ವರ್ಷದ್ದು. ನಗುತ್ತಲೇ ನಿಂತಿದ್ದೆ, ಎರಡನೇ ಸಲ ಕೇಳಲಿ ಎಂದು. ಅಧ್ಯಕ್ಷೆ ಕೇಳಲಿಲ್ಲ. ಬಗ್ಗಿ ಬರೆದುಕೊಂಡಳು. "ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದ" ಎಂದಳು. ಹಾಲ್ ತುಂಬ ಚಪ್ಪಾಳೆ! ಮೇಷ್ಟರಂತೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾಫಿಗೆ ಹದಿನೈದು ನಿಮಿಷ ಬಿಡುವು, ಆಮೇಲೆ ಕೈ ಎತ್ತುವುದು ಎಂದಳು.

ಅತ್ತಿಗೆ ಬಾಯ್ತುಂಬ ನಗುತ್ತಾ ಬಂದರು. "ಏನ್ ಚಪ್ಪಾಳೆ! ಏನ್ ಏಳ್ದೆ?"

"ಬೇಡ ಅಂದೆ."

"ಏನ್ ಬ್ಯಾಡ ಅಂದೆ?"

"ನೆಟ್ಟೌಸು."

ಅತ್ತಿಗೆಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. "ಲೇ ಜಯಾ! ಆರ್ ಮರ ಕಡ್ಸಿವ್ನಿ ಕಣೆ! ಎಳ್ನೀರ್ ಬುಡ್ತಿದ್ ಮರ! ಆ ಅದ್ನಾಕ್ ಜನದ್ ಮುಂದೆ ಯಾವ್ ಮೊಕ ಇಟ್ಕಂಡ್ ಓಗ್ಲಿ? ಬ್ಯಾಡ ಅಂತ ಯಾಕಂದೆ?"

"ಬಾಯಿಗೆ ಬಂತು ಅತ್ತಿಗೆ. ಉಪಚಾರಕ್ಕೆ ಅಂದೆ. ಇನ್ನೊಂದ್ಸಲ ಕೇಳ್ತಾರೆ ಅಂತ."

"ನಿನ್ ಉಪ್ಚಾರಕ್ ಬೆಂಕಿ ಬೀಳಾ! ಅವ್ರ್ ಬಿಸ್ಕತ್ತೇ ಎಲ್ಡ್ನೇ ಸಲ ಕೇಳಕಿಲ್ಲ, ನೆಟ್ಟೌಸ್ ಕೇಳ್ತಾರಾ?"

ನನಗೆ ಅಳು ಬಂದುಬಿಟ್ಟಿತು. ಇನ್ನೂರು ಜನ ಕಾಫಿ ಕುಡಿಯುವ ಹಾಲಿನಲ್ಲಿ, ನಿವೃತ್ತ ಮೇಡಂ ಒಬ್ಬಳು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ನಿಂತಳು. ಅತ್ತಿಗೆಯ ಗಂಟಲು ಕೇಳಿ ಹೆಂಕ್ ಬಂದ. ಏನಾಯಿತು ಎಂದು ಕೇಳಿದ. ಎದುರು ಪಕ್ಷದವನು ಎಂಬುದೂ ಮರೆತು ಎಲ್ಲ ಹೇಳಿದೆ. ಮೊದಲನೇ ಬೇಡ, ಎರಡನೇ ಬೇಡ, ಎಲೆಯ ಮೇಲೆ ಅಡ್ಡ ಹಿಡಿಯುವ ಕೈ.

ಅವನು ಹುಬ್ಬು ಗಂಟಿಕ್ಕಿ ಕೇಳಿದ. "ಹಾಗಾದರೆ ಮೊದಲ ದಿನ, ಆಲೂಗಡ್ಡೆ?"

"ಬೇಕಿತ್ತು."

"ಮರುದಿನ ಸೂಪು?"

"ಬೇಕಿತ್ತು."

"ಹುಟ್ಟುಹಬ್ಬದ ಕೇಕು?"

"ತುಂಬಾ ಬೇಕಿತ್ತು."

ಹೆಂಕ್ ಕೆಂಪಗಾಗಿ, ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನನಗಂತೂ ಅವನನ್ನು ಕಾಲುವೆಗೆ ತಳ್ಳಬೇಕೆನ್ನಿಸಿತು, ಆದರೆ ಅವನಿಗೆ ಈಜು ಬರುತ್ತದೆ.

ಬಿಡುವು ಮುಗಿಯಿತು. ನಾನು ಅಧ್ಯಕ್ಷೆಯ ಬಳಿ ಓಡಿ ಇನ್ನೊಂದು ಮಾತು ಎಂದೆ. ನಿಮ್ಮ ಭಾಗ ಮುಗಿದಿದೆ, ಕಾರ್ಯಸೂಚಿಯಲ್ಲಿ ಇಲ್ಲ ಎಂದು ಆಕೆ ಪಟ್ಟಿ ತೋರಿಸಿದಳು. ಅಲ್ಲಿ ಪಟ್ಟಿಯಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ. ಆಗ ಹಿಂದಿನ ಸಾಲಿನಿಂದ ಒಂದು ಕೈ ಎದ್ದಿತು. ಹೆಂಕ್.

"ನಾನು ಈಜುಕೊಳದ ಪರ ಎಂದು ನಿಮಗೆಲ್ಲ ಗೊತ್ತು. ಆದರೆ ಈ ಹೆಂಗಸು ಹೇಳಿದ್ದು ಅವರ ಉತ್ತರವಲ್ಲ, ಅವರ ಮರ್ಯಾದೆ. ಸುಳ್ಳು ಉತ್ತರದ ಮೇಲೆ ಗೆಲ್ಲಲು ನನಗೆ ಇಷ್ಟವಿಲ್ಲ. ಇನ್ನೊಮ್ಮೆ ಕೇಳಿ."

ಸಭೆ ಗುಜುಗುಟ್ಟಿತು. ಅಧ್ಯಕ್ಷೆ ಪಟ್ಟಿ ನೋಡಿದಳು, ಹೆಂಕ್‌ನನ್ನು ನೋಡಿದಳು, ಕೊನೆಗೆ ಎರಡು ನಿಮಿಷ ಎಂದಳು. ನಾನು ನಮ್ಮ ಉಪಚಾರದ ಕತೆಯೆಲ್ಲ ಹೇಳಿದೆ, ಕೋಣೆಯೊಳಗೆ ಸದ್ದಿಲ್ಲದೆ ತಿಂದ ನಿಪ್ಪಟ್ಟಿನವರೆಗೂ. ಜನ ಬಿದ್ದು ಬಿದ್ದು ನಕ್ಕರು. ಮಾರೈಕೆ ಮಾತ್ರ ಅನುವಾದ ಮಾಡುವುದನ್ನು ನಿಲ್ಲಿಸಿ, "ಮೂರು ದಿನವೂ ಹಸಿದಿದ್ದಿರಾ?" ಎಂದು ಕೆನ್ನೆಯ ಮೇಲೆ ಕೈ ಇಟ್ಟುಕೊಂಡಳು.

ಅಧ್ಯಕ್ಷೆ ಮತ್ತೆ ಕೇಳಿದಳು. "ನಿಮಗೆ ಬೇಕೇ?"

ನಗು ನಿಂತಿತು. ನನ್ನ ನಾಲಿಗೆ ಏಳಲಿಲ್ಲ. ಬೇಡ ಎನ್ನುವುದು ಎಷ್ಟು ಸುಲಭ! ಬೇಕು ಎನ್ನುವಾಗ ಎದುರಿಗಿರುವವರ ಮುಂದೆ ಒಂದು ಗೇಣು ಕುಳ್ಳಗಾದ ಹಾಗೆ ಅನ್ನಿಸುತ್ತದೆ. ಮೇಷ್ಟರು ಹೇಳಿದ ಕೈ ಚಾಚುವುದು ಇದೇನಾ? ಅಷ್ಟರಲ್ಲಿ ಅತ್ತಿಗೆ ಎದ್ದು ನನ್ನ ಪಕ್ಕಕ್ಕೆ ಬಂದು ನಿಂತು, ಹೊಲದ ಆ ಕೊನೆಗೆ ಕೇಳುವ ಗಂಟಲಿನಲ್ಲಿ ಹೇಳಿದರು.

"ಬೇಕು ಕಣ್ರಪ್ಪಾ! ಬೇಕು ಅನ್ನಕ್ಕೆ ನಾಚ್ಕೆ ಏನು? ನೀವ್ ಕೊಟ್ರೆ ನಾವ್ ಕೂತ್ಕಂಡ್ ತಿನ್ನಕಿಲ್ಲ. ದುಡೀತೀವಿ. ನಾಳೀಕ್ ನಿಮ್ಗೂ ಏನಾರ ಬೇಕಾದ್ರೆ ಬಾಯ್ಬುಟ್ ಕೇಳಿ, ನಾವೂ ಇದೀವಿ."

ನಾನು ಇಂಗ್ಲಿಷಿಗೆ ತಿರುಗಿಸಿದೆ. ಕಡಿಸಿದ ಆರು ತೆಂಗಿನ ಮರವನ್ನೂ ಸೇರಿಸಿದೆ. ಕೊನೆಗೆ ನನ್ನದೇ ಬಾಯಿಂದ, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಬೇಕು ಎಂದೆ.

ಕೈಗಳು ಎದ್ದವು. ಎರಡು ಸಲ ಎಣಿಸಿದರು. ಮೂರು ಕೈ ಹೆಚ್ಚಿಗೆ ಬಿದ್ದು ದುದ್ದ ಗೆದ್ದಿತು. ಎಂಬತ್ತರ ಅಜ್ಜಿ ಎರಡೂ ಕೈ ಎತ್ತಿದ್ದರಂತೆ, ಒಂದನ್ನೇ ಲೆಕ್ಕಕ್ಕೆ ಹಿಡಿದರು. ಅತ್ತಿಗೆ ಅಧ್ಯಕ್ಷೆಯನ್ನು ಅಪ್ಪಿಕೊಂಡರು, ಬೇಕರಿಯವನನ್ನೂ ಅಪ್ಪಿಕೊಂಡರು. ನಾನು ಹಿಂದಿನ ಸಾಲು ನೋಡಿದೆ. ಹೆಂಕ್‌ನ ಎರಡೂ ಕೈ ಮಡಿಲಲ್ಲೇ ಇದ್ದವು.

ಮನೆಗೆ ನಡೆಯುವಾಗ ಅವನೇ ಹೇಳಿದ. "ನಾನು ನಿಮಗೆ ಕೈ ಎತ್ತಲಿಲ್ಲ."

"ನೋಡಿದೆ."

"ನೀವು ಗೆದ್ದದ್ದು ಸಂತೋಷ. ನಮ್ಮ ಕೊಳ ಸೋತದ್ದು ಬೇಸರ. ಎರಡೂ ನಿಜ."

ಅತ್ತಿಗೆಗೆ ಹೇಳಿದೆ. "ನೇರ ಮನ್ಸ ಕಣೆ ಎಂಕಣ್ಣ" ಎಂದರು. ಸ್ವಲ್ಪ ದೂರ ನಡೆದು, "ಪಾಪ, ಅವನ್ ಕೊಳ" ಎಂದರು.

ಮಾರೈಕೆ ಮನೆಗೆ ಹೋದವಳೇ ಆಲೂಗಡ್ಡೆ ಬೇಯಲಿಟ್ಟಳು. ಆರು ಗಂಟೆ ಕಳೆದು ಎಷ್ಟೋ ಹೊತ್ತಾಗಿದ್ದರೂ! ನಾನು ಬೇಡ ಅಂದಾಗಲೆಲ್ಲ ಹೆಂಕ್ "ಒಂದು!", "ಎರಡು!" ಎಂದು ಎಣಿಸಿದ, ಅವಳು ಬಡಿಸಿದಳು. ಕೊನೆಗೆ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಗ್ಗಿದೆ. ಹೊರಡುವ ದಿನ ಮಾರೈಕೆ ಆ ಬಿಸ್ಕತ್ತಿನ ಡಬ್ಬಿಯನ್ನು ತುಂಬಿಸಿ ಡಬ್ಬಿಯ ಸಮೇತ ಅತ್ತಿಗೆಯ ಚೀಲಕ್ಕೆ ಇಟ್ಟಳು.

ಮತ್ತೆ ದುದ್ದ

ಆರು ಮರ ಇದ್ದ ಜಾಗದಲ್ಲಿ ಈಗ ನೆಟ್ಟೌಸು ನಿಂತಿದೆ. ಹದಿನಾಲ್ಕು ಹೆಂಗಸರು ಸರದಿಯಲ್ಲಿ ಸಸಿಗೆ ನೀರು ಹಾಕುತ್ತಾರೆ. ಬಿಸ್ಕತ್ತು ಹಾಸನ ದಾಟುವ ಮೊದಲೇ ಖಾಲಿಯಾಗಿತ್ತು. ಆ ಡಬ್ಬಿ ಮಾತ್ರ ಅತ್ತಿಗೆಯ ಮನೆಯ ಅಟ್ಟದ ಮೇಲೆ ಕೂತು ಅವರ ನೆಮ್ಮದಿ ಕೆಡಿಸುತ್ತಿತ್ತು. ಹೋದ ತಿಂಗಳು ಹೆಂಗಸರೆಲ್ಲ ಸೇರಿದಾಗ ಅತ್ತಿಗೆ ಅದನ್ನು ಇಳಿಸಿ ನಡುವೆ ಇಟ್ಟರು.

"ಕೊಟ್ಟೋರ್ ಮನೆ ಡಬ್ಬಿನ ಬರಿದು ಇಟ್ಕಳಕ್ಕಾಯ್ತದಾ? ಎಂಕಣ್ಣನ್ ಕೊಳದ್ ಸೂರಿಗೆ ಅವ್ರೂರಲ್ಲಿ ತಿಂಡಿ ಅಂಗ್ಡಿ ಆಕ್ತಾರಂತೆ, ಮಾರಿ ದುಡ್ ಕೂಡಿಸ್ತಾರಂತೆ. ಆಲೂಗಡ್ಡೆ ಅಪ್ಳ ಮಾಡಿ ಕಳ್ಸಾನ. ಗಡ್ಡೆ ತಾನೆ ಬ್ಯಾಡ ಅಂದಿದ್ದು, ಅಪ್ಳಕ್ ತಡೆ ಇಲ್ವಂತೆ, ಜಯ ಇಚಾರ್ಸವ್ಳೆ."

ನನ್ನ ಜೊತೆ ಬಂದಿದ್ದ ನಮ್ಮ ಯಜಮಾನರು ಕಂಬಕ್ಕೆ ಒರಗಿ ಕೂತಿದ್ದವರು ಎದ್ದೇಬಿಟ್ಟರು. "ಅಲ್ಲಾ, ನಮ್ಮೂರ್ ಸ್ಕೂಲ್ ಎಂಚೇ ಸೋರ್ತಾದೆ. ಆಲೆಂಡ್ನೋರ್ ಈಜಾಡಕ್ಕೆ ನೀವ್ ಅಪ್ಳ ಒತ್ತೀರಾ?"

ನನಗೆ ನಗು ತಡೆಯಲಾಗಲಿಲ್ಲ. ಬೋಳುತಲೆ ಒಂದು ಇದ್ದಿದ್ದರೆ ನಮ್ಮ ಯಜಮಾನರೂ ಥೇಟ್ ಹೆಂಕೇ! ಸೋರುವ ಹೆಂಚನ್ನೂ ಮಾತಾಡೋಣ ಎಂದು ಬರೆದುಕೊಂಡು, ಹಪ್ಪಳಕ್ಕೆ ಕೈ ಎತ್ತಿಸಿದೆವು. ಹದಿನಾಲ್ಕೂ ಕೈ ಎದ್ದವು. ಯಜಮಾನರದು ಏಳಲಿಲ್ಲ. ಆದರೆ ಹಪ್ಪಳ ಒಣಗಿದ ನಾಲ್ಕೂ ದಿನ ಕೋಲು ಹಿಡಿದು ಕಾಗೆ ಓಡಿಸಿದವರು ಅವರೇ.

ನಿನ್ನೆ ಸಂಜೆ ವೀಡಿಯೋ ಕಾಲ್ ಮಾಡಿದೆವು. ಫೋನಿನಲ್ಲಿ ಹೆಂಕ್‌ನ ಬೋಳುತಲೆ, ಅವನ ಹೆಗಲ ಹಿಂದೆ ಮಾರೈಕೆ. ಈಜುಕೊಳದ ಅಂಗಡಿಗೆ ಹಪ್ಪಳ ಕಳಿಸುತ್ತೇವೆ, ಬೇಕಾ ಎಂದು ಕೇಳಿದೆ.

"ಬೇಡ ಬೇಡ" ಎಂದ ಹೆಂಕ್. "ಅದು ನಿಮ್ಮ ಶ್ರಮ. ನಿಮಗೇ ಬೇಕಾಗುತ್ತದೆ."

"ಒಂದು!" ಎಂದು ಅತ್ತಿಗೆ ಫೋನಿಗೆ ಬೆರಳು ತೋರಿಸಿ ಕೂಗಿದರು.

ಇನ್ನೊಮ್ಮೆ ಕೇಳಿದೆ. ಅವನು ತಲೆ ಕೆರೆದುಕೊಂಡ. ಮುಖ ಕೆಂಪಾಗಿತ್ತು, ನಗುವಿನಿಂದಲ್ಲ. ಆವತ್ತು ಆ ಹಾಲಿನಲ್ಲಿ ನನ್ನ ಮುಖ ಹೇಗಿತ್ತೆಂದು ನನಗೆ ಆಗ ಕಂಡಿತು. "ಬೇಡ, ನಿಜವಾಗಿಯೂ" ಎಂದ, ಸ್ವಲ್ಪ ಮೆಲ್ಲಗೆ.

"ಎಲ್ಡು!" ಎಂದರು ಅತ್ತಿಗೆ. ಹೆಂಗಸರೆಲ್ಲ ಫೋನಿನ ಮೇಲೆ ಬಗ್ಗಿದರು. ನಾನು ಮೂರನೇ ಸಲ ಕೇಳಿ, ಅವನ ಕೈಗಳನ್ನೇ ನೋಡುತ್ತಾ ಕೂತೆ. ಎರಡೂ ಕೈ ಕೆಳಗೇ ಇದ್ದವು. ಅಡ್ಡ ಬರಲಿಲ್ಲ. ಹೆಂಕ್ ಹೆಂಡತಿಯ ಮುಖ ನೋಡಿದ, ಗಂಟಲು ಸರಿಮಾಡಿಕೊಂಡ.

"ತುಂಬಾ ಖಾರ ಇರುತ್ತದಾ?" ಎಂದು ಕೇಳಿದ.

ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅತ್ತಿಗೆ ಎದ್ದು ನಿಂತಿದ್ದರು. "ಒಪ್ಕಂಡ ಕಣ್ರೆ ಎಂಕಣ್ಣ! ತತ್ತಾ ಡಬ್ಬೀನ!"